ಈಸೋ ಮಗಳ ಹೆಗಲು ಮುಂದಕ್ಕ ಬಾಗ್ಯಾವ: ಡುಬ್ಬದ ತಪ್ಪೋ, ಉಸಿರಿನ ತಪ್ಪೋ?

ಸಪ್ತಾಪುರದ ಅಪ್ಪ, ಧಾರವಾಡ

ಎಲ್ಲಾರಿಗೂ ನಮಸ್ಕಾರ್ರಿ. ಮಗಳಿಗೆ 13 ವರ್ಷ. ನಾಲ್ಕು ವರ್ಷದಿಂದ ಈಸ್ತಾಳ, ಹೋದ ವರ್ಷದಿಂದ ಸ್ಪರ್ಧೆಗೆ ಅಂತನ ತಯಾರಿ ನಡದೈತಿ. 100 ಮತ್ತು 200 ಮೀಟರ್ ಫ್ರೀಸ್ಟೈಲ್. ವಾರಕ್ಕ ಆರು ದಿನ, ದಿನಕ್ಕ ಸುಮಾರು 3000 ಮೀಟರ್.

ಎರಡು ತಿಂಗಳಿಂದ ಬಲ ಹೆಗಲು ನೋವು ಅಂತಾಳ. ಈಸುವಾಗ ಅಲ್ಲ, ಮುಗಿಸಿ ಬಂದು ಜಡಿ ಹಾಕ್ಕೊಳ್ಳಾಕ ಕೈ ಎತ್ತಿದಾಗ. ಹೋದ ಅಮಾವಾಸಿಗೆ ನಮ್ಮವ್ವ ಊರಿಂದ ಬಂದಿದ್ಲು. ಕೂಸನ್ನ ನೋಡಿದಾಕಿನ "ಇದರ ಡುಬ್ಬ ಗೂನ ಆಗೇತಲ್ಲೋ" ಅಂದ್ಲು. ಅಲ್ಲೀತನಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಎರಡು ವರ್ಷದ ಹಿಂದಿನ ಫೋಟೋ ತಗದು ನೋಡಿದೆ, ಎದಿ ಝಲ್ ಅಂತು. ಈಗ ಸುಮ್ಮನ ನಿಂತ್ರ ಹೆಗಲು ಮುಂದಕ್ಕ ಬರ್ತಾವ, ಗದ್ದ ಮುಂದ ಚಾಚ್ತೈತಿ, ಅಂಗೈ ಎರಡೂ ಹಿಂದಕ್ಕ ತಿರಗಿರ್ತಾವ.

ಕೋಚ್ ಕೇಳಿದ್ರ "ಈಸೋರೆಲ್ಲಾ ಹಂಗ ಇರ್ತಾರ" ಅಂದ್ರು. ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ ಏನೂ ಇಲ್ಲ, ನೋವು ಇದ್ರ ಈಜು ಬಿಡಿಸ್ರಿ ಅಂದ್ರು. ಆ ಮಾತು ಕೇಳಿ ಎರಡು ಹೊತ್ತು ಊಟ ಬಿಟ್ಲು ಹುಡುಗಿ.

ಇನ್ನೊಂದು ಸಂಗತಿ. ದಂಡಿ ಮ್ಯಾಲಿಂದ ವಿಡಿಯೋ ಮಾಡೇನಿ. ಪ್ರತಿ ಸಲ ಬಲಕ್ಕ ತಿರಗೇ ಉಸಿರು ತಗೋತಾಳ, ತಲಿ ಪೂರಾ ಮ್ಯಾಲೆ ಎತ್ತತಾಳ. ಮಾರಿ ನೀರೊಳಗಿದ್ದಾಗ ಗುಳ್ಳಿ ಒಂದೂ ಕಾಣಂಗಿಲ್ಲ, ಗಲ್ಲ ಉಬ್ಬಿರ್ತಾವ. ಇದಕ್ಕೂ ಹೆಗಲಿಗೂ ಸಂಬಂಧ ಐತೇನು? ತಿಳದವರು ದಯವಿಟ್ಟು ಹೇಳ್ರಿ.

ಹೊಲದ ಬಾವಿ, ಗದಗ

ತಮ್ಮಾ, ನಾವು ಸೊಂಟಕ್ಕ ಬೆಂಡು ಕಟಗೊಂಡು ಹೊಲದ ಬಾವ್ಯಾಗ ಈಸಾಕ ಕಲತವರು. ತಲಿ ಮ್ಯಾಲೆತ್ತೇ ಈಸ್ತಿದ್ವಿ, ಯಾರ ಡುಬ್ಬನೂ ಬಾಗಲಿಲ್ಲ. ಆದ್ರ ನಾವು ಬಾವ್ಯಾಗ ಇರ್ತಿದ್ದದ್ದು ಅರ್ಧ ತಾಸು. ಒಂದು ಸಲ ಡುಮುಕಿ ಹೊಡದು, ನಾಲ್ಕು ಸುತ್ತು ಹಾಕಿ ಮ್ಯಾಲೆ ಬಂದ್ರ ಮುಗೀತು. ಕೂಸು ದಿನಾ ಮೂರು ಕಿಲೋಮೀಟರ್ ಈಸ್ತೈತಿ ಅಂದ್ರ ಅದು ಆಟ ಅಲ್ಲ, ದುಡಿಮಿ. ದುಡಿಯೋ ಎತ್ತಿನ ಹೆಗಲು ನೋಡಿದಂಗ ಅದರ ಹೆಗಲು ನೋಡ್ಕೋಬೇಕು.

ಲೇನ್ 4, ಹುಬ್ಬಳ್ಳಿ

ಕಾಕಾ ಹೇಳಿದ್ದು ಖರೆ. ನಾನು ಕಾಲೇಜಿನತನಕ ಸ್ಪರ್ಧೆಗೆ ಈಸಿದವ, ಈಗ ಸಣ್ಣ ಹುಡುಗರಿಗೆ ಕಲಿಸ್ತೀನಿ. ಆ ದುಡಿಮಿ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕೋಣ.

25 ಮೀಟರ್ ಕೊಳದಾಗ 3000 ಮೀಟರ್ ಅಂದ್ರ 120 ಲ್ಯಾಪ್. ಆ ವಯಸ್ಸಿನ ಹುಡುಗಿ ಒಂದು ಲ್ಯಾಪಿಗೆ 18 ಸಲ ಕೈ ಹಾಕ್ತಾಳ ಅಂತ ಹಿಡೀರಿ. ದಿನಕ್ಕ 2160 ಸಲ ಆತು. ಎರಡು ಕೈಗೊಮ್ಮೆ ಉಸಿರು ತಗೊಂಡ್ರ 1080 ಸಲ ಕುತ್ತಿಗಿ ತಿರಗ್ತೈತಿ, ಅಷ್ಟೂ ಬಲಕ್ಕೇ. ಆರು ದಿನಕ್ಕ 6480. ಕಿಕ್ (ಬರೇ ಕಾಲು ಬಡಿಯೋದು), ಬೇರೆ ಸ್ಟ್ರೋಕ್ ಕಳದು ಅರ್ಧ ಹಿಡದ್ರೂ ವಾರಕ್ಕ ಮೂರು ಸಾವಿರದ ಮ್ಯಾಲೆ. ಒಂದು ಸಣ್ಣ ತಪ್ಪು ಇಷ್ಟು ಸಲ ಮಾಡಿದ್ರ ಮೈ ಅದನ್ನ ರೂಢಿ ಮಾಡ್ಕೊಳ್ಳತೈತಿ.

ವಿಡಿಯೋದಾಗ ನೀವು ನೋಡಿದ ಉಬ್ಬಿದ ಗಲ್ಲನ ನನಗ ಮುಖ್ಯ ಅನಸ್ತೈತಿ. ಆಕಿ ನೀರೊಳಗ ಉಸಿರು ಬಿಡಾಕತ್ತಿಲ್ಲ, ಬಿಗಿ ಹಿಡ್ಕೊಂಡಾಳ. ಹಿಡದದ್ದನ್ನ ಬಿಡೋದೂ ಹೊಸದು ಎಳಕೊಳ್ಳೋದೂ ಎರಡೂ ಕೆಲಸ ಬಾಯಿ ನೀರಿನ ಮ್ಯಾಲಿರೋ ಅಷ್ಟರಾಗ ಆಗಬೇಕು. ಆ ಹೊತ್ತು ಇರೋದು ಅರ್ಧ ಸೆಕೆಂಡಿನ ಆಸುಪಾಸು. ಸಾಲಂಗಿಲ್ಲ. ಸಾಲದ್ದಕ್ಕ ತಲಿ ಎತ್ತತಾಳ, ತಲಿ ಎತ್ತಿದ ಕೂಡ್ಲೆ ಸೊಂಟ, ಕಾಲು ಮುಳಗ್ತಾವ. ಮುಳಗಿದ ಮೈ ಎಳೀಲಿಕ್ಕೆ ಹೆಗಲಿಗೆ ಭಾರ ಬೀಳತೈತಿ. ತಲಿ ಎತ್ತೋ ಹೊತ್ತಿಗೆ ಮುಂದ ಚಾಚಿದ ಎಡಗೈ ನೀರನ್ನ ಕೆಳಗ ಒತ್ತಿ ಆಧಾರ ತಗೋತಿರ್ತೈತಿ, ಬಲಗೈ ಅಗಲಾಗಿ, ಅಡ್ಡಾದಿಡ್ಡಿ ಬೀಳತೈತಿ.

ಈಸುವಾಗ ಮುಂದ ಸಾಗೋ ತಲಿ ನೀರನ್ನ ತಳ್ಳಿ ಬಾಯಿ ಹತ್ರ ಒಂದು ತಗ್ಗು ಮಾಡ್ತೈತಿ. ಬಾಯಿ ಆ ತಗ್ಗಿನ್ಯಾಗ ಇದ್ರ ಸಾಕು. ಒಂದು ಗಾಗಲ್ ನೀರಾಗ, ಒಂದು ಗಾಗಲ್ ಮ್ಯಾಲೆ. ಎರಡೂ ಗಾಗಲ್ ಮ್ಯಾಲೆ ಕಂಡ್ರ ತಿರಗೋದು ಹೆಚ್ಚಾತು ಅಂತ ತಿಳೀರಿ.

ಫಿಸಿಯೋ ಅಕ್ಕ, ವಿದ್ಯಾನಗರ

ಅಣ್ಣಾರ, ನೀವು ಕೇಳಿದ ಪ್ರಶ್ನೆಯಲ್ಲೇ ಉತ್ತರ ಅರ್ಧ ಇದೆ. ಡುಬ್ಬ ಬೇರೆ, ಉಸಿರು ಬೇರೆ ಅಂತ ನಾವು ವಿಂಗಡಿಸುತ್ತೇವೆ, ಮೈ ವಿಂಗಡಿಸುವುದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಎದೆಯ ಮುಂಭಾಗದಲ್ಲಿ ಪೆಕ್ಟೊರಾಲಿಸ್ ಮೈನರ್ ಎಂಬ ಸಣ್ಣ ಸ್ನಾಯು ಇದೆ. ಮೂರು, ನಾಲ್ಕು, ಐದನೇ ಪಕ್ಕೆಲುಬಿನಿಂದ ಹೊರಟು ಹೆಗಲ ಹಲಗೆ ಎಲುಬಿನ ಮುಂದಿನ ಕೊಕ್ಕೆಗೆ ಹೋಗಿ ಸೇರುತ್ತದೆ. ಅದು ಬಿಗಿಯಾದರೆ ಹಲಗೆ ಎಲುಬು ಮುಂದಕ್ಕೂ ಕೆಳಕ್ಕೂ ವಾಲುತ್ತದೆ. ನಿಮ್ಮವ್ವನ ಕಣ್ಣಿಗೆ ಬಿದ್ದ ಗೂನಿನಲ್ಲಿ ಇದರ ಪಾಲು ದೊಡ್ಡದು. ಇದೇ ಸ್ನಾಯು ಏದುಸಿರು ಬಂದಾಗ ಪಕ್ಕೆಲುಬನ್ನು ಮೇಲೆತ್ತಿ ಉಸಿರಾಟಕ್ಕೂ ಕೈಜೋಡಿಸುತ್ತದೆ. ಕುತ್ತಿಗೆಯ ಸ್ಕೇಲೀನ್, ಸ್ಟರ್ನೊಕ್ಲೈಡೊಮ್ಯಾಸ್ಟಾಯ್ಡ್ ಸ್ನಾಯುಗಳದೂ ಇದೇ ಕಥೆ: ತಲೆ ತಿರುಗಿಸುವುದು, ಹಿಡಿದಿಡುವುದು ಅವುಗಳ ಕೆಲಸ, ಗಾಳಿಗೆ ಒದ್ದಾಡುವಾಗ ಉಸಿರಾಟಕ್ಕೂ ಬರುತ್ತವೆ.

ಉಸಿರಾಟದ ನಿಜವಾದ ಯಜಮಾನ ವಪೆ. ಎದೆಗೂಡಿಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಇರುವ ಸ್ನಾಯು. ಅದರ ಬುಡ ಸೊಂಟದ ಮೇಲ್ಭಾಗದ ಕಶೇರುಗಳಿಗೆ ಅಂಟಿಕೊಂಡಿದೆ, ಹಾಗಾಗಿ ಅದು ಉಸಿರಿನ ಜೊತೆಗೆ ನಡುವನ್ನೂ ಗಟ್ಟಿ ಹಿಡಿಯುತ್ತದೆ. ನಿಮ್ಮ ಮಗಳು ಉಸಿರು ಬಿಗಿ ಹಿಡಿದು, ಆಮೇಲೆ ಗಬಕ್ಕನೆ ಎಳೆದುಕೊಳ್ಳುವಾಗ ವಪೆಗೆ ಪೂರ್ತಿ ಇಳಿಯಲು ಪುರಸೊತ್ತಿಲ್ಲ. ಕುತ್ತಿಗೆ, ಮೇಲೆದೆ ಆ ಕೆಲಸ ಮಾಡುತ್ತವೆ. ಲೇನ್ 4 ಹೇಳಿದ ಸಾವಿರ ಸಲದ ಲೆಕ್ಕ ಇಲ್ಲಿಗೆ ಸೇರಿಸಿ. ಮೇಲಾಗಿ ನೀರು ಎದೆ, ಹೊಟ್ಟೆಯನ್ನು ಸುತ್ತಲಿಂದ ಅದುಮುತ್ತದೆ. ನೆಲದ ಮೇಲೆ ಉಸಿರೆಳೆಯುವುದಕ್ಕಿಂತ ನೀರಿನಲ್ಲಿ ಎಳೆಯಲು ಹೆಚ್ಚು ಶಕ್ತಿ ಬೇಕು.

ಇನ್ನು ಕೈ. ಫ್ರೀಸ್ಟೈಲಿನಲ್ಲಿ ಮುಂದೆ ಸಾಗುವ ಬಲ ಬಹುಪಾಲು ಎದೆ ಮತ್ತು ಬೆನ್ನ ಪಕ್ಕದ ದೊಡ್ಡ ಸ್ನಾಯುಗಳಿಂದ. ಅವು ತೋಳನ್ನು ಒಳಕ್ಕೆ ತಿರುಗಿಸುತ್ತವೆ. ಅಂಗೈ ಹಿಂದಕ್ಕೆ ತಿರುಗಿ ನಿಲ್ಲುವುದು ಅದರದೇ ಗುರುತು. ಹೊರಕ್ಕೆ ತಿರುಗಿಸುವ ಸಣ್ಣ ಸ್ನಾಯುಗಳು, ಹಲಗೆ ಎಲುಬನ್ನು ಹಿಡಿದಿಡುವ ಕೆಳ ಟ್ರಪೀಜಿಯಸ್, ಸೆರಾಟಸ್ ಹಿಂದೆ ಬೀಳುತ್ತವೆ. ಕೈ ಮೇಲೆತ್ತಿದಾಗ ಹಲಗೆ ಎಲುಬು ಜೊತೆಗೆ ತಿರುಗದಿದ್ದರೆ ಹೆಗಲ ಕೀಲಿನ ಸ್ನಾಯುರಜ್ಜು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ) ಉಜ್ಜಿಕೊಳ್ಳುತ್ತದೆ. "ಈಜುಗಾರರ ಹೆಗಲು" ಅಂತ ಇದಕ್ಕೆ ಹೆಸರಿಟ್ಟು ಕೆನೆಡಿ, ಹಾಕಿನ್ಸ್ ಎಂಬ ವೈದ್ಯರು ಬರೆದದ್ದು 1974ರಲ್ಲಿ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹೆಗಲು ಬಾಗಿದವರಿಗೆಲ್ಲ ನೋವು ಬರುವುದಿಲ್ಲ. ಮೇಲ್ಮಟ್ಟದ ಎಷ್ಟೋ ಈಜುಗಾರರ ಹೆಗಲು ಮುಂದಕ್ಕೇ ಇರುತ್ತವೆ, ನೋವಿಲ್ಲದೆ ಪದಕ ಗೆಲ್ಲುತ್ತಾರೆ. ಅದಕ್ಕೇ ಬರೀ "ನೆಟ್ಟಗ ನಿಲ್ಲು" ಅಂತ ಮನೆಯಲ್ಲಿ ಬಯ್ಯುವುದರಿಂದ ಏನೂ ಆಗುವುದಿಲ್ಲ. ನೋವು, ಒಂದೇ ಬದಿಯ ಉಸಿರು, ಏರಿದ ದೂರ ಮೂರೂ ಒಟ್ಟಿಗೆ ಇರುವಾಗ ಮಾತ್ರ ನಾನು ಕಿವಿ ನಿಮಿರಿಸುತ್ತೇನೆ. ನಿಮ್ಮ ಮಗಳಲ್ಲಿ ಮೂರೂ ಇವೆ.

ಸ್ಟಾಪ್‌ವಾಚ್, ಧಾರವಾಡ

ಕ್ಷಮಿಸ್ರಿ, ನನ್ನ ಅನುಭವ ಬೇರೆ. ಉಸಿರು ಹಿಡಿಯೋದನ್ನ ಕಲೀಲಾರದ ಸ್ಪರ್ಧೆ ಗೆಲ್ಲಾಕ ಆಗಂಗಿಲ್ಲ. 50 ಮೀಟರ್ ಫ್ರೀಸ್ಟೈಲ್‌ನ್ಯಾಗ ದೊಡ್ಡವರು ಒಂದೋ ಎರಡೋ ಉಸಿರಿನ್ಯಾಗ ಮುಗಿಸ್ತಾರ, ಕೆಲವರು ತಗೊಳ್ಳಂಗೇ ಇಲ್ಲ. ತಿರುವಿನ ನಂತರ ನೀರಡಿ 15 ಮೀಟರ್ ತನಕ ಹೋಗಾಕ ನಿಯಮ ಬಿಡ್ತೈತಿ. ದಮ್ ಇಲ್ಲಾಂದ್ರ ಅಲ್ಲೇ ಹಿಂದ ಬೀಳ್ತಾರ. ನಮ್ಮ ಹುಡುಗರಿಗೆ ನಾನು ಐದು, ಏಳು, ಒಂಬತ್ತು ಕೈಗೊಮ್ಮೆ ಉಸಿರು ಅಂತ ಸೆಟ್ ಕೊಡ್ತೀನಿ.

ಒಂದೇ ಬದಿ ಉಸಿರು ತಪ್ಪು ಅನ್ನೋದನ್ನೂ ಒಪ್ಪಂಗಿಲ್ಲ. ಅಮೆರಿಕಾದ ಒಲಿಂಪಿಕ್ ಚಾಂಪಿಯನ್ ಕೇಟಿ ಲೆಡೆಕಿ ಹೆಚ್ಚಾಗಿ ಬಲಕ್ಕೇ ಉಸಿರು ತಗೋತಾಳ. ಆಕೀನ ಮೀರಿಸಿದ ದೂರದ ಈಜುಗಾರ್ತಿ ಯಾರದಾರ ಹೇಳ್ರಿ?

ಲೇನ್ 4, ಹುಬ್ಬಳ್ಳಿ

ಸರ್, ಲೆಡೆಕಿ ಮಾತು ಒಪ್ತೀನಿ. ಸ್ಪರ್ಧೆ ದಿನ ಯಾವ ಬದಿ ಅನುಕೂಲನೋ ಆ ಬದಿಗೆ ತಗೊಳ್ಳಲಿ, 200 ಮೀಟರಿನ್ಯಾಗ ಎರಡು ಕೈಗೊಮ್ಮೆ ಉಸಿರು ಬೇಕೇ ಬೇಕು. ಆದ್ರ ಅಭ್ಯಾಸದ ಹೊತ್ತಿನ್ಯಾಗ ಎರಡೂ ಬದಿ ಬರಬೇಕು, ಅದೂ ಬೆಳೆಯೋ ಮಕ್ಕಳಿಗೆ. ಪಕ್ವ ಆದ ಮೈ, ಜೊತಿಗೆ ದಿನಾ ನೋಡ್ಕೊಳ್ಳೋ ತಂಡ ಇರೋ ಲೆಡೆಕಿನ ನಮ್ಮ 13 ವರ್ಷದ ಹುಡುಗಿಗೆ ಅಳತಿಗೋಲು ಮಾಡಬ್ಯಾಡ್ರಿ.

ಉಸಿರು ಹಿಡಿಯೋ ಸೆಟ್ಟಿನ ಬಗ್ಗೆ ನಾನು ಸುಮ್ಮನಿರಾಕ ಆಗಂಗಿಲ್ಲ. ನಾನು 16 ವರ್ಷದವ ಇದ್ದಾಗ ನಮ್ಮ ಜೊತಿ ಈಸ್ತಿದ್ದ ಒಬ್ಬ ಹುಡುಗ ನೀರಡಿ ಎರಡು ಲ್ಯಾಪ್ ಹೋಗ್ತೀನಂತ ಪಂದ್ಯ ಕಟ್ಟಿದ. ಮೊದಲ ಹತ್ತು ಹನ್ನೆರಡು ಸಲ ಜೋರಾಗಿ ಉಸಿರಾಡಿ ಮುಳಗಿದ. ಎರಡನೇ ಲ್ಯಾಪಿನ ನಡುವ ಕೈ ನಿಂತು. ನಾವು ದಂಡಿ ಮ್ಯಾಲೆ ಕೂತು ಎಣಸ್ತಿದ್ವಿ, ಆಟ ಮಾಡಾಕತ್ತಾನ ಅಂದ್ಕೊಂಡ್ವಿ. ಪುಣ್ಯಕ್ಕ ಪಕ್ಕದ ಲೇನಿನ್ಯಾಗ ಇದ್ದ ಹಿರಿಯರೊಬ್ಬರು ಹಾರಿ ಎಳದು ತಂದ್ರು. ತುಟಿ ನೀಲಿ ಆಗಿದ್ದುವು. ಉಳದ. ಇವತ್ತಿಗೂ ಆ ತುಟಿ ನನ್ನ ಕಣ್ಣ ಮುಂದ ಬರ್ತಾವ.

ಉಸಿರು ಬೇಕು ಅನ್ನೋ ತವಕ ಹುಟ್ಟೋದು ಮುಖ್ಯವಾಗಿ ಆಮ್ಲಜನಕ ಕಡಿಮಿ ಆದಾಗ ಅಲ್ಲ, ಇಂಗಾಲದ ಡೈಆಕ್ಸೈಡ್ ಏರಿದಾಗ. ಜೋರಾಗಿ ಉಸಿರಾಡಿ ಅದನ್ನ ಮೊದಲ ಹೊರಗ ಹಾಕಿಬಿಟ್ರ ತವಕ ತಡ ಆಗ್ತೈತಿ, ಅದಕ್ಕಿಂತ ಮೊದಲ ಮೆದುಳಿಗೆ ಆಮ್ಲಜನಕ ಮುಗೀತೈತಿ. ಯಾವ ಮುನ್ಸೂಚನೆನೂ ಇಲ್ಲದ ಎಚ್ಚರ ತಪ್ಪತೈತಿ. ಛಲೋ ಈಸೋರಿಗೂ ಹಿಂಗ ಆಗತೈತಿ, ಯಾಕಂದ್ರ ತವಕ ತಡಕೊಳ್ಳಾಕ ಅವರಿಗೆ ಬರತೈತಿ.

ಸ್ಟಾಪ್‌ವಾಚ್, ಧಾರವಾಡ

ನಾನು ಯಾವತ್ತೂ ಮಕ್ಕಳನ್ನ ಒಂಟಿಯಾಗಿ ನೀರಡಿ ಬಿಟ್ಟಿಲ್ಲ. ಆದ್ರ ಸೆಟ್ಟಿಗೆ ಮೊದಲು ಜೋರಾಗಿ ಉಸಿರಾಡ್ರಿ ಅಂತ ನಾನೂ ಹೇಳೇನಿ. ಇಂಗಾಲದ ಈ ಮಾತು ನನಗ ಗೊತ್ತಿರಲಿಲ್ಲ. ನಾಳಿಂದ ಅದು ಬಂದ್. ಒಂಬತ್ತು ಕೈ ಸೆಟ್ಟನ್ನೂ 14ರ ಕೆಳಗಿನವರಿಗೆ ನಿಲ್ಲಸ್ತೀನಿ.

ಖರಜ, ಧಾರವಾಡ

ನನಗ ಈಸಾಕ ಬರಂಗಿಲ್ಲ, ಆದ್ರ ಉಸಿರಿನ ಮಾತು ಬಂದಿದ್ದಕ್ಕ ಬರೀತೀನಿ. ಇಪ್ಪತ್ತು ವರ್ಷದಿಂದ ಹಿಂದೂಸ್ತಾನಿ ಹಾಡ್ತೀನಿ. ನಮ್ಮ ಗುರುಗಳು ಬೆಳಗಿನ ಖರಜ ಸಾಧನಾಕ್ಕ (ತಗ್ಗು ಸ್ವರದ ಅಭ್ಯಾಸಕ್ಕ) ಕೂಡಿಸಿದಾಗ ಮೊದಲು ನೋಡ್ತಿದ್ದದ್ದು ಹೆಗಲು. ಉಸಿರು ತಗೊಳ್ಳುವಾಗ ಹೆಗಲು ಮ್ಯಾಲೆ ಹೋತೋ, ತಂಬೂರಿ ನಿಲ್ಲಿಸ್ತಿದ್ರು. "ತಗೊಳ್ಳೋದರ ಚಿಂತಿ ಬಿಡು, ಪೂರಾ ಬಿಡೋದು ಕಲಿ, ಬರೋದು ತಾನ ಬರತೈತಿ" ಅಂತಿದ್ರು. ತಾನ್ (ಸ್ವರಗಳ ಓಟ) ಮುಗಿಯೋತನಕ ಗಾಳಿಯನ್ನ ಎಳಿ ಎಳಿಯಾಗಿ ಬಿಡೋದರಾಗೇ ಎಲ್ಲಾ ಇರೋದು.

ನಿಮ್ಮ ಮಗಳಿಗೆ ನೀರೊಳಗ ಮಾರಿ ಇಟ್ಟು ಗುನುಗಾಕ ಹೇಳ್ರಿ. ಒಂದೇ ಸ್ವರ, ಸಣ್ಣಗ. ಗುನುಗೋತನಕ ಯಾರೂ ಉಸಿರು ಹಿಡಿಯಾಕ ಆಗಂಗಿಲ್ಲ.

ಲೇನ್ 4, ಹುಬ್ಬಳ್ಳಿ

ಅಕ್ಕಾರ, ಇದು ಭಾಳ ಕಿಮ್ಮತ್ತಿನ ಮಾತು. ಸಣ್ಣ ಹುಡುಗರಿಗೆ "ಗುಳ್ಳಿ ಬಿಡ್ರಿ" ಅಂತ ಗಂಟಲು ಹರಕೊಂಡ್ರೂ ಬರಂಗಿಲ್ಲ. ಗುನುಗಿದ್ರ ಮೂಗಿನಿಂದ ತಾನ ಗುಳ್ಳಿ ಬರ್ತಾವ, ಮೂಗಿಗೆ ನೀರೂ ಹೋಗಂಗಿಲ್ಲ.

ಏಲಕ್ಕಿ, ಹಾವೇರಿ

ಎಲ್ಲರೂ ಸ್ನಾಯು, ಉಸಿರು ಅಂತ ಹೇಳಿದ್ರಿ. ಒಬ್ಬ ಹೆಣ್ಣುಮಗಳಾಗಿ ನಾನು ಇನ್ನೊಂದು ಹೇಳಲೇಬೇಕು.

ನಾನು 12ನೇ ವರ್ಷದಿಂದ 17ರ ತನಕ ಈಸಿದೆ. ನನ್ನ ಹೆಗಲೂ ಹಿಂಗೇ ಬಾಗಿದ್ದುವು. ನೀರಿನಿಂದ ಅಲ್ಲರೀ, ನೀರಿನ ಹೊರಗಿನಿಂದ. ಬೆಳೆಯೋ ವಯಸ್ಸಿನ್ಯಾಗ ಕಾಸ್ಟ್ಯೂಮ್ ಹಾಕ್ಕೊಂಡು ನೀರಿಗೆ ಜಿಗಿಯೋ ಬ್ಲಾಕಿನ ತನಕ ನಡಕೊಂಡು ಹೋಗೋದು ಎಂಥಾ ಕಷ್ಟ ಅಂತ ಅಪ್ಪಂದಿರಿಗೆ ಗೊತ್ತಾಗಂಗಿಲ್ಲ. ದಂಡಿ ಮ್ಯಾಲೆ, ಕಂಪೌಂಡಿನ ಆಚೆ, ಎಲ್ಲಾ ಕಡೆ ಕಣ್ಣು. ಹೆಗಲು ಮುಂದ ತಂದು, ಕೈ ಕಟ್ಟಿ, ಮುದುಡಿ ನಿಲ್ಲೋದು ನನಗ ರೂಢಿ ಆಗಿಬಿಡ್ತು. ಸಾಲಿಯೊಳಗೂ ಹಂಗೇ, ಮನಿಯೊಳಗೂ ಹಂಗೇ. "ಎದಿ ಮುಂದ ಮಾಡಿ ನಿಲ್ಲು" ಅಂತ ಕೋಚ್ ಎಲ್ಲರ ಮುಂದ ಒದರಿದ ದಿನ ಮನಿಗೆ ಬಂದು ಅತ್ತಿದ್ದೆ. ಯಾಕ ಅಳ್ತಿ ಅಂತ ಯಾರೂ ಕೇಳಲಿಲ್ಲ.

ಎರಡು ಕೆಲಸ ಮಾಡ್ರಿ. ನೀರಿಂದ ಹೊರಗ ಬಂದ ಕೂಡ್ಲೆ ಹಾಕ್ಕೊಳ್ಳಾಕ ಒಂದು ದೊಡ್ಡ ಟವಲ್ ಅಥವಾ ಸಡಿಲ ಜಾಕೆಟ್ ದಂಡಿಗೇ ಇಡಸ್ರಿ, ಕೋಣಿಯ ತನಕ ಹೋಗಿ ತರೋ ಹಂಗ ಇರಬಾರದು. ಆಮ್ಯಾಲೆ ಕಾಸ್ಟ್ಯೂಮ್ ಯಾವಾಗ ಕೊಂಡದ್ದು ನೋಡ್ರಿ. ಎತ್ತರ ಬೆಳದ ಹುಡುಗಿಗೆ ಹೋದ ವರ್ಷದ ಕಾಸ್ಟ್ಯೂಮ್ ಗಿಡ್ಡ ಆಗಿ, ಪಟ್ಟಿ ಹೆಗಲನ್ನ ಕೆಳಗ ಜಗ್ಗತಿರ್ತೈತಿ. ನೆಟ್ಟಗ ನಿಂತ್ರ ಕೊರೀತೈತಿ, ಬಾಗಿದ್ರ ಹಾಯ್ ಅನಸ್ತೈತಿ.

ಸಪ್ತಾಪುರದ ಅಪ್ಪ, ಧಾರವಾಡ

ಏಲಕ್ಕಿ ಅಕ್ಕಾರ, ನಿಮ್ಮ ಮಾತು ಓದಿ ನನ್ನ ಹೆಂಡತಿಗೆ ತೋರಿಸಿದೆ. ಆಕಿ ಮಗಳ ಕೂಡ ರಾತ್ರಿ ಮಾತಾಡಿದ್ಲು. ನಾನು ಬಾಗಿಲ ಆಚೆ ಇದ್ದೆ. ನೀವು ಬರದದ್ದೇ ಖರೆ. ಕಾಸ್ಟ್ಯೂಮ್ 14 ತಿಂಗಳ ಹಿಂದಿನದು, ಆಮ್ಯಾಲೆ ನಾಲ್ಕು ಇಂಚು ಬೆಳದಾಳ. ಹೆಗಲ ಮ್ಯಾಲೆ ಪಟ್ಟಿ ಕೊರದ ಕೆಂಪು ಗೆರಿ ಇದ್ದುವಂತ. ಇಷ್ಟು ದಿನ ಹೇಳಿಲ್ಲ. ನಿನ್ನೆ ಹುಬ್ಬಳ್ಳಿಗೆ ಹೋಗಿ ಹೊಸದು ತಂದ್ವಿ, ತೊಡಿ ತನಕ ಬರೋದು, ಆಕಿನೇ ಆರಿಸಿದ್ದು.

ಫಿಸಿಯೋ ಅಕ್ಕಾರ, ಮನಿಯೊಳಗ ಏನೇನು ಮಾಡಿಸಬೇಕು?

ಫಿಸಿಯೋ ಅಕ್ಕ, ವಿದ್ಯಾನಗರ

ಮೊದಲು ಎರಡು ಪರೀಕ್ಷೆ. ಮಗಳು ಕಾಲು ಜೋಡಿಸಿ ನಿಂತು, ಅಂಗೈ ಕೂಡಿಸಿ, ಮುಂದಕ್ಕೆ ಬಾಗಲಿ. ಅವರಮ್ಮ ಹಿಂದಿನಿಂದ ನೋಡಲಿ. ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಉಬ್ಬಿ ಕಂಡರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿರಬಹುದು. ಎರಡನೆಯದು, ಬೋರಲು ಮಲಗಲಿ. ಗೂನು ಹಾಗೇ ಗಟ್ಟಿಯಾಗಿ ಉಳಿದರೆ ಅದು ರೂಢಿಯ ಗೂನಲ್ಲ, ಮೂಳೆಯದು ಇರಬಹುದು. ಎರಡರಲ್ಲಿ ಯಾವುದಾದರೂ ಕಂಡರೆ, ಇಲ್ಲವೇ ರಾತ್ರಿ ನಿದ್ದೆಯಲ್ಲಿ ನೋವು, ಕೈ ಜೋಮು ಇದ್ದರೆ, ನನ್ನ ವ್ಯಾಯಾಮ ಬಿಟ್ಟು ಮತ್ತೆ ಡಾಕ್ಟರ ಬಳಿ ಹೋಗಿ.

ಇಲ್ಲದಿದ್ದರೆ ಮಕರಾಸನದಿಂದ ಶುರು ಮಾಡಿ. ಬೋರಲು ಮಲಗಿ, ಹಣೆ ಕೈಗಳ ಮೇಲೆ. ಉಸಿರೆಳೆದಾಗ ಹೊಟ್ಟೆ ನೆಲವನ್ನು ಒತ್ತಬೇಕು, ಪಕ್ಕೆ ಅಗಲವಾಗಬೇಕು, ಹೆಗಲು ಕಿವಿಯ ಕಡೆ ಏರಬಾರದು. ಬಿಡುವುದು ಎಳೆದದ್ದರ ಎರಡು ಪಟ್ಟು ನಿಧಾನ. ಬೆಳಿಗ್ಗೆ ಐದು ನಿಮಿಷ, ರಾತ್ರಿ ಐದು ನಿಮಿಷ. ಇದೊಂದನ್ನೇ ಮೊದಲ ವಾರ ಮಾಡಿಸಿ. ಉಸಿರು ಮೇಲೆದೆಯಿಂದ ಕೆಳಗೆ ಇಳಿಯದೆ ಎದೆ ಸ್ನಾಯು ಎಳೆಯುವ ವ್ಯಾಯಾಮ ಮಾಡಿಸಿದರೆ ಸಂಜೆ ಸಡಿಲಾದದ್ದು ಬೆಳಿಗ್ಗೆ ಕೊಳದಲ್ಲಿ ಮತ್ತೆ ಬಿಗಿಯುತ್ತದೆ.

ಎರಡನೇ ವಾರದಿಂದ ಟವಲ್ ಸುತ್ತಿ ಸುರುಳಿ ಮಾಡಿ ಮೇಲ್ಬೆನ್ನಿನ ಕೆಳಗೆ ಅಡ್ಡಲಾಗಿ ಇಟ್ಟು ಅಂಗಾತ ಮಲಗಲಿ, ಕೈ ತಲೆಯ ಮೇಲೆ ಚಾಚಲಿ. ಪಕ್ಕೆಲುಬು ಮೇಲೆ ಚಿಮ್ಮದಂತೆ, ಸೊಂಟ ನೆಲ ಬಿಟ್ಟು ಏಳದಂತೆ ನೋಡಿಕೊಳ್ಳಿ. ಬಾಗಿಲ ಚೌಕಟ್ಟಿಗೆ ಮುಂಗೈ ಇಟ್ಟು ಎದೆ ಹಿಗ್ಗಿಸುವುದು ಮೆಲ್ಲಗೆ, ಜಗ್ಗಬಾರದು. ಈಜುವ ಮಕ್ಕಳ ಕೀಲು ಮೊದಲೇ ಸಡಿಲ, ಜಗ್ಗಿದರೆ ಸ್ನಾಯುವಿನ ಬದಲು ಕೀಲೇ ಹಿಗ್ಗುತ್ತದೆ. ಗೆಳತಿಯರು ಒಬ್ಬರ ಕೈ ಇನ್ನೊಬ್ಬರು ಹಿಂದಕ್ಕೆ ಎಳೆದು ಹಿಗ್ಗಿಸುವ ಆಟ ಕೊಳದ ದಂಡೆಯಲ್ಲಿ ನಡೆಯುತ್ತದಲ್ಲ, ಅದನ್ನು ಇವತ್ತೇ ಬಿಡಿಸಿ. ಬಲ ತುಂಬಲು ರಬ್ಬರ್ ಪಟ್ಟಿ ಹಿಡಿದು, ಮೊಣಕೈ ಮೈಗೆ ಅಂಟಿಸಿ ಮುಂಗೈ ಹೊರಕ್ಕೆ ತಿರುಗಿಸುವುದು, ಗೋಡೆಗೆ ಪುಷ್‌ಅಪ್ ಮಾಡಿ ಕೊನೆಯಲ್ಲಿ ಇನ್ನೂ ಒಂದಿಷ್ಟು ತಳ್ಳುವುದು.

ಕೊಳದಲ್ಲಿ ಎರಡು ಗಂಟೆ ಇರುತ್ತಾಳೆ. ಉಳಿದ ಹೊತ್ತು ಹೇಗೆ ಕೂಡುತ್ತಾಳೆ? ಸಪ್ತಾಪುರ ಅಂದರೆ ಟ್ಯೂಷನ್ನಿನ ಊರು. ಚಾಪೆಯ ಮೇಲೆ ಕೂತು ತೊಡೆಯ ಮೇಲೆ ಪುಸ್ತಕ ಇಟ್ಟು ಬರೆಯುತ್ತಾಳಾ, ಬ್ಯಾಗ್ ಒಂದೇ ಹೆಗಲಿಗೆ ಹಾಕುತ್ತಾಳಾ ನೋಡಿ.

ಲೇನ್ 4, ಹುಬ್ಬಳ್ಳಿ

ನೀರಿನೊಳಗಿಂದು ನಾನು ಸೇರಸ್ತೀನಿ. ಎರಡು ವಾರ ದೂರ ಅರ್ಧ ಮಾಡ್ರಿ, ಪ್ಯಾಡಲ್ (ಅಂಗೈಗೆ ಕಟಗೊಳ್ಳೋ ಹಲಗಿ) ಪೂರ್ತಿ ಬಿಡ್ರಿ, ಅವು ಹೆಗಲ ಭಾರ ಹೆಚ್ಚಸ್ತಾವ. ಕಿಕ್‌ಬೋರ್ಡ್ ಮುಂದ ಚಾಚಿ ಹಿಡಿಯೋದೂ ನೋವಿರೋ ಹೆಗಲಿಗೆ ಒಳ್ಳೇದಲ್ಲ, ಕೈ ಮೈ ಪಕ್ಕ ಇಟ್ಟು ಅಂಗಾತ ಕಿಕ್ ಮಾಡ್ಲಿ. ಮಗ್ಗಲಾಗಿ ತೇಲಿ ಕಿಕ್ ಮಾಡೋದು ಎರಡೂ ಬದಿಗೆ, ಕೆಳಗಿನ ಕಿವಿ ನೀರಿಗೆ ಒರಗಿರಬೇಕು. ಆಮ್ಯಾಲೆ ಮೂರು ಕೈಗೊಮ್ಮೆ ಉಸಿರು, ಆವಾಗ ತಾನ ಒಮ್ಮೆ ಬಲ ಒಮ್ಮೆ ಎಡ ಬರತೈತಿ. ಮೊದಲ ವಾರ ಎಡಕ್ಕ ನೀರು ಕುಡೀತಾಳ, ವೇಳೆ ಏರತೈತಿ. ಸ್ಟಾಪ್‌ವಾಚ್ ಮನಿಯೊಳಗ ಇಡ್ರಿ.

ನಮ್ಮ ದೇಶದ ಸಾಜನ್ ಪ್ರಕಾಶ್‌ಗೆ ಕುತ್ತಿಗಿ ಡಿಸ್ಕಿನ ತೊಂದರಿ ಬಂದು ನೀರಿಂದ ದೂರ ಇರಬೇಕಾಗಿತ್ತು. ಆಮ್ಯಾಲೆ 2021ರಾಗ ರೋಮ್‌ನ್ಯಾಗ 200 ಮೀಟರ್ ಬಟರ್‌ಫ್ಲೈ 1 ನಿಮಿಷ 56.38 ಸೆಕೆಂಡಿಗೆ ಮುಗಿಸಿ, ಒಲಿಂಪಿಕ್ಸ್‌ಗೆ ನೇರ ಪ್ರವೇಶ ಕೊಡೋ 'ಎ' ಅರ್ಹತಾ ವೇಳೆ ಮುಟ್ಟಿದ ಮೊದಲ ಭಾರತೀಯ ಆದ. ಎರಡು ವಾರ ಕಡಿಮಿ ಈಸಿದ್ರ ಎಲ್ಲಾ ಹೋತು ಅಂತ ಮಗಳು ಅಂದ್ರ ಇದನ್ನ ಹೇಳ್ರಿ.

ಸಪ್ತಾಪುರದ ಅಪ್ಪ, ಧಾರವಾಡ (ಏಳು ವಾರದ ನಂತರ)

ತಡ ಆತು, ಕ್ಷಮಿಸ್ರಿ. ಎರಡೂ ಪರೀಕ್ಷಾದಾಗ ಏನೂ ಕಾಣಲಿಲ್ಲ. ಮೊದಲ ಎರಡು ವಾರ ಭಾಳ ಕಷ್ಟ ಆತು. ಎಡಕ್ಕ ತಿರಗಿದಾಗೆಲ್ಲಾ ನೀರು ಕುಡದು ಕೆಮ್ಮಿದ್ಲು, ಸಣ್ಣ ಹುಡುಗರ ಲೇನಿಗೆ ಕಳಿಸಿದ್ರು, ಅದಕ್ಕ ಅತ್ಲು. ಗುನುಗೋದು ಮಾತ್ರ ಮೊದಲ ದಿನಾನ ಹಿಡೀತು. ನಾಲ್ಕನೇ ವಾರ ವಿಡಿಯೋ ಮಾಡಿದೆ, ಮಾರಿ ಸುತ್ತ ಗುಳ್ಳಿ ಸರಮಾಲಿ ಹಂಗ ಬರಾಕತ್ತಿದ್ದುವು, ಗಲ್ಲ ಉಬ್ಬಿರಲಿಲ್ಲ, ತಲಿ ನೀರಿಗೆ ಒರಗಿತ್ತು.

ಈಗ ಜಡಿ ಹಾಕ್ಕೊಳ್ಳುವಾಗ ನೋವಿಲ್ಲ. 3000 ಮೀಟರ್ ಮುಗಿಸಿದ ದಿನ ಸಂಜಿಗೆ ಹೆಗಲು ಸ್ವಲ್ಪ ಭಾರ ಅಂತಾಳ. 100 ಮೀಟರ್ ವೇಳೆ ಮೊದಲಿಗಿಂತ ಒಂದು ಸೆಕೆಂಡ್ ಹೆಚ್ಚೇ ಐತಿ, ಇನ್ನೂ ಇಳದಿಲ್ಲ. 200 ಮೀಟರಿನ ಕೊನೆಯ ಲ್ಯಾಪ್ ಮಾತ್ರ ಮೊದಲಿನಂಗ ಒದ್ದಾಡಂಗಿಲ್ಲ. ಹೆಗಲು ಇನ್ನೂ ಮುಂದಕ್ಕೇ ಅದಾವ, ಹಿಂದಿನಷ್ಟಿಲ್ಲ. ಓದಾಕ ಒಂದು ಸಣ್ಣ ಮೇಜು ಮಾಡಿಸೇನಿ.

ನಮ್ಮವ್ವ ಮೊನ್ನೆ ಮತ್ತ ಬಂದಿದ್ಲು. ರಾತ್ರಿ ಮೊಮ್ಮಗಳು ಮಕರಾಸನ ಹಾಕಿ ಮಲಗಿದಾಗ ಪಕ್ಕದಾಗ ಕೂತು ಡುಬ್ಬದ ಮ್ಯಾಲೆ ಕೈ ಇಟ್ಟಿದ್ಲು, ಉಸಿರು ಏರಿ ಇಳಿಯೋದನ್ನ ಎಣಸ್ಕೋತ.

ಮುಂದಿನ ತಿಂಗಳು ಜಿಲ್ಲಾ ಸ್ಪರ್ಧೆ ಐತಿ. ಅವತ್ತು ಮೂರು ಕೈಗೊಮ್ಮೆ ಉಸಿರು ತಗೊಳ್ಳಲೋ, ಎರಡಕ್ಕೋ ಅಂತ ಕೇಳಾಕತ್ತಾಳ.

ಲೇನ್ 4, ಹುಬ್ಬಳ್ಳಿ

200 ಮೀಟರಿಗೆ ಎರಡಕ್ಕೊಮ್ಮೆ ತಗೊಳ್ಳಲಿ, ಒಂದು ಲ್ಯಾಪ್ ಬಲಕ್ಕ, ಒಂದು ಲ್ಯಾಪ್ ಎಡಕ್ಕ. ಹಂಗ ಮಾಡಿದ್ರ ಹೋಗುವಾಗ ಬರುವಾಗ ಪ್ರೇಕ್ಷಕರ ಕಟ್ಟೆ ಒಂದೇ ಕಡೆ ಕಾಣತೈತಿ. ನೀವು ಎಲ್ಲಿ ನಿಂತಿರ್ತೀರಿ ಅಂತ ಆಕಿಗೆ ಮೊದಲ ಹೇಳಿಡ್ರಿ.